40 ದಿನ, 33 ಸರ್ಗ: ತಪಸ್ಸು ಕಾಲದಲ್ಲಿ ಡಾಂಟೆ ಓದುವ ಬಗೆ

ಈಸ್ಟರ್‌ಗೆ ಮುಂಚಿನ ಕ್ರೈಸ್ತರ ವ್ರತದ ದಿನಗಳು, ಅಂದರೆ ತಪಸ್ಸು ಕಾಲ, ಬಂತೆಂದರೆ ಒಬ್ಬರು ಮಾಂಸ ಬಿಡುತ್ತಾರೆ, ಇನ್ನೊಬ್ಬರು ಕಾಫಿ ಬಿಡುತ್ತಾರೆ. ಕಾಫಿ ಬಿಡುವುದು ನನ್ನಿಂದಾಗದು. ಪ್ರೂಫ್ ತಿದ್ದುವವನಿಗೆ ಅದಿಲ್ಲದೆ ಒತ್ತಕ್ಷರ ಕಾಣುವುದಿಲ್ಲ. ನಾನು ಬಿಡುವ ಬದಲು ಹಿಡಿಯುತ್ತೇನೆ: ಇಟಲಿಯ ಕವಿ ಡಾಂಟೆಯ ಕಾವ್ಯ ‘ಡಿವೈನ್ ಕಾಮಿಡಿ’ಯ ಎರಡನೇ ಭಾಗ, ‘ಪುರ್ಗತೋರಿಯೊ’, ಅಂದರೆ ಸತ್ತವರು ಸ್ವರ್ಗಕ್ಕೆ ಹೋಗುವ ಮುನ್ನ ಪಾಪ ತೊಳೆದುಕೊಳ್ಳುವ ಜಾಗ.

ಹೆಚ್ಚಿನವರು ಮೊದಲ ಭಾಗವಾದ ನರಕದಿಂದ ಶುರುಮಾಡಿ ಅಲ್ಲೇ ಸುಸ್ತಾಗುತ್ತಾರೆ. ನೀವು ನೇರ ಎರಡಕ್ಕೆ ಬನ್ನಿ. ನರಕ ದಾಟಿದ ಡಾಂಟೆ (ಕಾವ್ಯದ ನಾಯಕನೂ ಅವನೇ) 1300ರ ಈಸ್ಟರ್ ಭಾನುವಾರ ನಸುಕಿನಲ್ಲಿ ಆ ಪಾಪ ತೊಳೆಯುವ ಬೆಟ್ಟದ ಬುಡಕ್ಕೆ ಬಂದಿದ್ದಾನೆ, ಜೊತೆಗೆ ರೋಮಿನ ಕವಿ ವರ್ಜಿಲ್. ಇಷ್ಟು ಗೊತ್ತಿದ್ದರೆ ಸಾಕು. ಟಿಪ್ಪಣಿ ಇರುವ ಇಂಗ್ಲಿಷ್ ಅನುವಾದ ಯಾವುದಾದರೂ ಆದೀತು. ಮೊದಲು ಸರ್ಗವನ್ನು ಬಾಯ್ಬಿಟ್ಟು ಓದಿ, ಟಿಪ್ಪಣಿ ಆಮೇಲೆ. ಫ್ಲಾರೆನ್ಸಿನ ರಾಜಕೀಯದ ಹೆಸರುಗಳಿಗೆ ತಲೆ ಕೆಡಿಸಿಕೊಳ್ಳಬೇಡಿ.

ಬೂದಿ ಬುಧವಾರದಿಂದ ಪವಿತ್ರ ಶನಿವಾರದವರೆಗೆ, ಭಾನುವಾರ ಬಿಟ್ಟರೆ, 40 ದಿನ. ಸರ್ಗಗಳು 33. ಉಳಿದ 7 ದಿನ ಬೆಟ್ಟದ 7 ಹಂತಗಳಿಗೆ: ಗರ್ವ, ಅಸೂಯೆ, ಕೋಪ, ಆಲಸ್ಯ, ದುರಾಸೆ, ಹೊಟ್ಟೆಬಾಕತನ, ಕಾಮ. ಒಂದು ಹಂತ ಮುಗಿದ ಮಾರನೇ ದಿನ ಪುಸ್ತಕ ತೆರೆಯಬೇಡಿ, ನಿಮ್ಮ ಲೆಕ್ಕ ತೆಗೆಯಿರಿ.

ಬುಧವಾರ ಚರ್ಚಿನಿಂದ ಬಂದು ಹಣೆಯ ಬೂದಿ ತೊಳೆಯದೆ ಮೊದಲ ಸರ್ಗ ಓದಿ. ಅಲ್ಲಿ ವರ್ಜಿಲ್ ಎರಡೂ ಅಂಗೈಯನ್ನು ಹುಲ್ಲಿನ ಇಬ್ಬನಿಯ ಮೇಲಿಟ್ಟು, ಆ ಒದ್ದೆ ಕೈಯಿಂದ ಡಾಂಟೆಯ ಮುಖದ ನರಕದ ಮಸಿ ಒರೆಸುತ್ತಾನೆ. ಒಂಬತ್ತನೇ ಸರ್ಗದಲ್ಲಿ ದ್ವಾರಪಾಲಕ ದೇವದೂತ ಕತ್ತಿಯ ಮೊನೆಯಿಂದ ಅವನ ಹಣೆಯ ಮೇಲೆ 7 ಸಲ ‘ಪಿ’ ಎಂದು ಗೀರುತ್ತಾನೆ. ಪಾಪಕ್ಕೆ ಲ್ಯಾಟಿನ್ನಿನಲ್ಲಿ ಹೇಳುವ ‘ಪೆಕ್ಕಾತುಮ್’ಗೂ ನಮ್ಮ ಪಾಪಕ್ಕೂ ಮೊದಲ ಸದ್ದು ಒಂದೇ, ನೋಡಿ. ಹನ್ನೆರಡನೇ ಸರ್ಗದಲ್ಲಿ, ಗರ್ವದ ಹಂತ ದಾಟಿದ ಮೇಲೆ, ಮೈ ಹಗುರಾಯಿತೇಕೆ ಎಂದು ಡಾಂಟೆ ಹಣೆ ತಡವಿಕೊಂಡರೆ ಬೆರಳಿಗೆ ಸಿಗುವುದು ಆರೇ ಅಕ್ಷರ.

ಅದಕ್ಕೂ ಮುಂಚೆ, 11ರಲ್ಲಿ, ಒದೆರೀಸಿ ಸಿಗುತ್ತಾನೆ. ಹಸ್ತಪ್ರತಿಗಳಿಗೆ ಚಿತ್ರ ಬರೆದು ಹೆಸರಾದವನು. ಈಗ ಗರ್ವದ ಹಂತದಲ್ಲಿ ಬಂಡೆ ಹೊತ್ತು ಬಾಗಿದ್ದಾನೆ. ಡಾಂಟೆ ಹೊಗಳಿದರೆ, ಬೊಲೋನ್ಯದ ಫ್ರಾಂಕೊ ಬರೆದ ಹಾಳೆಗಳು ಇನ್ನೂ ಚೆನ್ನಾಗಿ ನಗುತ್ತವೆ ಅನ್ನುತ್ತಾನೆ, ಬದುಕಿದ್ದಾಗ ಇಷ್ಟು ಹೇಳಲು ಮನಸ್ಸು ಬರುತ್ತಿರಲಿಲ್ಲ ಎಂದೂ ಸೇರಿಸುತ್ತಾನೆ. ಗರ್ವದ ಹಂತ ಮುಗಿದ ಮಾರನೆಯ ಬಿಡುವಿನ ದಿನ ನನಗೆ ನೆನಪಾದದ್ದು ನಮ್ಮ ಪ್ರೆಸ್ಸಿನ ಹೊಸ ಹುಡುಗಿ. ನಾನು ಪಾಸು ಮಾಡಿದ ಮುಖಪುಟದಲ್ಲಿ ಅವಳು ಮಹಾಪ್ರಾಣದ ತಪ್ಪು ಹಿಡಿದಾಗ ‘ಅದು ಡಿಟಿಪಿಯವರ ಕೆಲಸ’ ಅಂದುಬಿಟ್ಟಿದ್ದೆ. ನನ್ನ ಸಹಿ ಪ್ರೂಫಿನ ಕೆಳಗೇ ಇತ್ತು.

ಈ ಲೆಕ್ಕದಲ್ಲಿ ಹೋದರೆ 28ನೇ ಸರ್ಗ ಪವಿತ್ರ ವಾರದ ಸೋಮವಾರಕ್ಕೆ ಸರಿಯಾಗಿ ಬರುತ್ತದೆ, 31 ಗುರುವಾರಕ್ಕೆ. ಅಲ್ಲಿ ಡಾಂಟೆ ಪ್ರೀತಿಸಿದ್ದ, ತೀರಿಹೋಗಿದ್ದ ಬಿಯಾಟ್ರಿಸ್ ಎದುರು ಡಾಂಟೆ ತಪ್ಪೊಪ್ಪಿಕೊಳ್ಳುತ್ತಾನೆ. ಅವನ ‘ಹೌದು’ ಕಿವಿಗೆ ಕೇಳುವುದೇ ಇಲ್ಲ, ತುಟಿ ನೋಡಿ ತಿಳಿಯಬೇಕು. ಪಾಪನಿವೇದನೆ ಮುಂದೂಡುತ್ತ ಬಂದವರು ಇದನ್ನು ಮಾತ್ರ ಬಿಡಬೇಡಿ.

ಶುಕ್ರವಾರ ಸಂಜೆ ಮನೆಯಲ್ಲಿದ್ದರೆ ಮಂಜೇಶ್ವರ ಗೋವಿಂದ ಪೈಗಳ ‘ಗೊಲ್ಗೊಥಾ’ವನ್ನೂ ತೆಗೆಯಿರಿ, ಯೇಸುವಿನ ಕೊನೆಯ ದಿನ, ನಮ್ಮದೇ ಕನ್ನಡದಲ್ಲಿ.

ಕೊನೆಯ ಸರ್ಗವನ್ನು ಶನಿವಾರ ಹಗಲಲ್ಲೇ ಮುಗಿಸಿ. ಅದರ ಕಟ್ಟಕಡೆಯ ಪದ ‘ನಕ್ಷತ್ರಗಳು’. ರಾತ್ರಿ ಈಸ್ಟರ್ ಜಾಗರಣೆಗೆ ಚರ್ಚಿನ ಅಂಗಳದಲ್ಲಿ ದೀಪ ಆರಿಸುತ್ತಾರೆ, ಹೊಸ ಬೆಂಕಿ ಹೊತ್ತಿಸುವ ಮುನ್ನ ಕತ್ತಲಲ್ಲಿ ಒಂದೆರಡು ನಿಮಿಷ ಸಿಗುತ್ತದೆ. ಮೋಡವಿಲ್ಲದಿದ್ದರೆ ತಲೆ ಎತ್ತಿ.