ಸಹಜ ಪ್ರಯೋಗದ ಮೂಲಕ ಸರ್ಕಾರಿ ನೀತಿಯ ಪರಿಣಾಮವನ್ನು ಅಳೆಯುವ ಬಗೆ

ಯೋಜನೆ ಜಾರಿಯಾದ ಬಳಿಕ ಸಾವಿನ ಪ್ರಮಾಣ ಇಳಿಯಿತೆಂದು ತೋರಿಸುವುದು ಕಷ್ಟವಲ್ಲ. ಇಳಿದದ್ದು ಆ ಯೋಜನೆಯಿಂದಲೇ ಎಂದು ತೋರಿಸುವುದು ಕಷ್ಟ. ಅದೇ ಅವಧಿಯಲ್ಲಿ ಊರಿಗೆ ರಸ್ತೆ ಆಗಿರಬಹುದು, ಆಂಬುಲೆನ್ಸ್ ಬಂದಿರಬಹುದು, ಕೂಲಿ ಏರಿರಬಹುದು. ಆದರೆ ಆಡಳಿತವು ತನ್ನ ಅನುಕೂಲಕ್ಕಾಗಿ ಒಂದು ಕಡೆಗೆ ಸೌಲಭ್ಯ ಕೊಟ್ಟು, ಅದರಂತೆಯೇ ಇರುವ ಇನ್ನೊಂದು ಕಡೆಯನ್ನು ಸದ್ಯಕ್ಕೆ ಬಿಟ್ಟಾಗ, ಸಂಶೋಧಕ ಏರ್ಪಡಿಸದ ಒಂದು ಪ್ರಯೋಗ ತಾನಾಗಿಯೇ ನಡೆದುಹೋಗುತ್ತದೆ. ಇದನ್ನೇ ಸಹಜ ಪ್ರಯೋಗ ಎನ್ನುತ್ತಾರೆ.

ಕೆಲಸವನ್ನು ದತ್ತಾಂಶದಿಂದಲ್ಲ, ಸರ್ಕಾರಿ ಆದೇಶದಿಂದ ಆರಂಭಿಸಬೇಕು. ಸೌಲಭ್ಯ ಯಾರಿಗೆ, ಯಾವ ದಿನದಿಂದ, ಯಾವ ಗಡಿಯವರೆಗೆ, ಯಾವ ಆದಾಯಮಿತಿಯೊಳಗೆ ಸಿಕ್ಕಿತು, ಹಾಗೆ ನಿರ್ಧರಿಸಲು ಕಾರಣವೇನು ಎಂಬುದನ್ನು ಅಲ್ಲಿಂದಲೇ ತಿಳಿಯಬೇಕು. ಅಮೆರಿಕದ ಒರೆಗಾನ್ ರಾಜ್ಯ 2008ರಲ್ಲಿ ಬಡವರ ಆರೋಗ್ಯ ವಿಮೆಯ ಸೀಮಿತ ಅವಕಾಶಗಳನ್ನು ಲಾಟರಿ ಎತ್ತಿ ಹಂಚಿತು. ಅಂಥ ಅದೃಷ್ಟ ಸಂಶೋಧಕರಿಗೆ ಅಪರೂಪ. ಸಾಮಾನ್ಯವಾಗಿ ಕೈಗೆ ಸಿಗುವುದು ಒಂದು ಗಡಿ ಅಥವಾ ಒಂದು ದಿನಾಂಕ.

ಕರ್ನಾಟಕದ ವಾಜಪೇಯಿ ಆರೋಗ್ಯಶ್ರೀ ಇದಕ್ಕೆ ಒಳ್ಳೆಯ ಪಾಠ. ಬಿಪಿಎಲ್ ಕುಟುಂಬಗಳಿಗೆ ಹೃದ್ರೋಗ, ಕ್ಯಾನ್ಸರ್ ಮುಂತಾದ ದೊಡ್ಡ ಕಾಯಿಲೆಗಳ ಚಿಕಿತ್ಸೆಯನ್ನು ಉಚಿತವಾಗಿ ಕೊಡುತ್ತಿದ್ದ ಈ ಯೋಜನೆ 2010ರಲ್ಲಿ ಮೊದಲು ಉತ್ತರದ ಜಿಲ್ಲೆಗಳಲ್ಲಿ ಜಾರಿಯಾಯಿತು, ದಕ್ಷಿಣದವರು ಕಾಯಬೇಕಾಯಿತು. ಬಡತನ ಹೆಚ್ಚಿದ್ದ ಕಡೆಯಿಂದಲೇ ಯೋಜನೆ ಆರಂಭವಾದದ್ದರಿಂದ ಕಲಬುರಗಿಯನ್ನು ಮೈಸೂರಿನೊಂದಿಗೆ ಹೋಲಿಸಿದರೆ ಅಳೆದಂತಾಗುವುದು ಯೋಜನೆಯನ್ನಲ್ಲ, ಎರಡು ಪ್ರದೇಶಗಳ ಹಳೆಯ ಅಂತರವನ್ನು. ತುಂಗಭದ್ರೆಯ ಆಚೆ ಈಚೆ ಇರುವ ರಾಣೆಬೆನ್ನೂರು ಮತ್ತು ಹರಿಹರ ತಾಲ್ಲೂಕುಗಳ ಹಳ್ಳಿಗಳ ನಡುವೆ ಅಷ್ಟು ವ್ಯತ್ಯಾಸವಿರುವುದಿಲ್ಲ. ನೀರಜ್ ಸೂದ್, ಅರ್ನಬ್ ಮುಖರ್ಜಿ ಮೊದಲಾದವರು 2014ರಲ್ಲಿ ಪ್ರಕಟಿಸಿದ ಅಧ್ಯಯನವೂ ಇದೇ ತರ್ಕವನ್ನು ಅನುಸರಿಸಿ, ಯೋಜನೆಯಿದ್ದ 300 ಹಳ್ಳಿಗಳನ್ನು ಗಡಿಯಾಚೆಯ 272 ಹಳ್ಳಿಗಳೊಂದಿಗೆ ಹೋಲಿಸಿತು. ಯೋಜನೆಯ ಚಿಕಿತ್ಸೆಯಿಂದ ತಡೆಯಬಹುದಾದ ಕಾಯಿಲೆಗಳಿಂದ ಬಿಪಿಎಲ್ ಕುಟುಂಬಗಳಲ್ಲಿ ಸಂಭವಿಸಿದ ಸಾವಿನ ಪ್ರಮಾಣ ಯೋಜನೆಯಿದ್ದ ಕಡೆ ಶೇ 0.32, ಇಲ್ಲದ ಕಡೆ ಶೇ 0.90 ಎಂದು ಕಂಡುಬಂದಿತು.

ಇಷ್ಟು ದೊಡ್ಡ ಅಂತರ ಕಂಡಾಗ ಸಂತೋಷಪಡುವ ಮೊದಲು ಅನುಮಾನಪಡಬೇಕು. ಗಡಿಯಾಚೆಯ ಹಳ್ಳಿಗಳಲ್ಲಿ ಬೇರೇನೋ ಕೆಟ್ಟಿದ್ದರೂ ಇದೇ ಅಂಕಿ ಬರಬಹುದು. ಆದ್ದರಿಂದ ಯೋಜನೆ ತಟ್ಟಬಾರದ ಜಾಗಗಳಲ್ಲಿಯೂ ಅಳೆಯಬೇಕು: ಯೋಜನೆಗೆ ಸೇರದ ಎಪಿಎಲ್ ಕುಟುಂಬಗಳಲ್ಲಿ ಅಂತರ ಕಾಣುತ್ತದೆಯೇ, ಯೋಜನೆಯಲ್ಲಿಲ್ಲದ ಕಾಯಿಲೆಗಳ ಸಾವಿನಲ್ಲಿ ಕಾಣುತ್ತದೆಯೇ? ಈ ಅಧ್ಯಯನದಲ್ಲಿ ಎರಡು ಕಡೆಯೂ ಗಮನಾರ್ಹ ಅಂತರ ಕಾಣಲಿಲ್ಲ. ನನ್ನ ಮಟ್ಟಿಗೆ ಇಡೀ ಅಧ್ಯಯನವನ್ನು ನಂಬುವಂತೆ ಮಾಡುವುದು ಮುಖ್ಯ ಫಲಿತಾಂಶವಲ್ಲ, ಈ ಸಪ್ಪೆ ಫಲಿತಾಂಶಗಳೇ.

ಮಾರುಕಟ್ಟೆಯ ಪ್ರಶ್ನೆಗಳಲ್ಲಿ ನೀತಿಗೆ ಮುಂಚಿನ ಅಂಕಿಯೂ ಸಿಕ್ಕರೆ ಲೆಕ್ಕ ಇನ್ನಷ್ಟು ಗಟ್ಟಿಯಾಗುತ್ತದೆ. 1992ರ ಏಪ್ರಿಲ್‌ನಲ್ಲಿ ಅಮೆರಿಕದ ನ್ಯೂಜೆರ್ಸಿ ರಾಜ್ಯವು ಗಂಟೆಯ ಕನಿಷ್ಠ ಕೂಲಿಯನ್ನು 4.25 ಡಾಲರಿನಿಂದ 5.05ಕ್ಕೆ ಏರಿಸಿದಾಗ, ಅರ್ಥಶಾಸ್ತ್ರಜ್ಞರಾದ ಡೇವಿಡ್ ಕಾರ್ಡ್ ಮತ್ತು ಅಲನ್ ಕ್ರೂಗರ್ ಅಲ್ಲಿನ ಹಾಗೂ ಕೂಲಿ ಏರಿಸದ ಪಕ್ಕದ ಪೆನ್ಸಿಲ್ವೇನಿಯಾದ ಒಟ್ಟು 410 ಫಾಸ್ಟ್‌ಫುಡ್ ಮಳಿಗೆಗಳನ್ನು ಏರಿಕೆಗೆ ಮುಂಚೆ ಮತ್ತು ಆಮೇಲೆ ಸಮೀಕ್ಷಿಸಿದರು. ನ್ಯೂಜೆರ್ಸಿಯಲ್ಲಿ ಮಳಿಗೆಯೊಂದರ ಸರಾಸರಿ ಉದ್ಯೋಗ (ಅರೆಕಾಲಿಕರನ್ನೂ ಪೂರ್ಣಾವಧಿಯ ಲೆಕ್ಕಕ್ಕೆ ತಂದು ಎಣಿಸಿದ ಕೆಲಸಗಾರರ ಸಂಖ್ಯೆ) 20.44ರಿಂದ 21.03ಕ್ಕೆ ಏರಿತು, ಪೆನ್ಸಿಲ್ವೇನಿಯಾದಲ್ಲಿ 23.33ರಿಂದ 21.17ಕ್ಕೆ ಇಳಿಯಿತು. ಮೊದಲನೆಯ ಬದಲಾವಣೆಯಿಂದ ಎರಡನೆಯದನ್ನು ಕಳೆದರೆ ಸುಮಾರು 2.76 ಉಳಿಯುತ್ತದೆ. ಕೂಲಿ ಏರಿದರೆ ಕೆಲಸ ಕಡಿಮೆಯಾಗುತ್ತದೆಂಬ ನಿರೀಕ್ಷೆಗೆ ಇದು ವಿರುದ್ಧವಾಗಿದ್ದರಿಂದ ವೇತನದಾಖಲೆಗಳನ್ನು ಹಿಡಿದು ಪ್ರಶ್ನಿಸಿದವರೂ ಇದ್ದರು, ವಾದ ವರ್ಷಗಟ್ಟಲೆ ನಡೆಯಿತು. ಈ ಬಗೆಯ ಕಳೆಯುವ ಲೆಕ್ಕ ನಿಂತಿರುವುದು ಒಂದೇ ಊಹೆಯ ಮೇಲೆ: ನೀತಿ ಬಾರದಿದ್ದರೆ ಎರಡೂ ಕಡೆಯ ಅಂಕಿಗಳು ಒಂದೇ ಗತಿಯಲ್ಲಿ ಸಾಗುತ್ತಿದ್ದವು ಎಂಬುದು. ಅದನ್ನು ಸಾಬೀತುಪಡಿಸಲು ಬರುವುದಿಲ್ಲ; ಹಿಂದಿನ ಕೆಲವು ವರ್ಷಗಳ ಅಂಕಿಗಳನ್ನು ಅಕ್ಕಪಕ್ಕ ಎಳೆದು, ರೇಖೆಗಳು ಸಮಾಂತರವಾಗಿದ್ದವೇ ಎಂದು ನೋಡಬಹುದಷ್ಟೆ.

ಇನ್ನು ಕೆಲವು ಎಚ್ಚರಿಕೆಗಳಿವೆ. ತೆರಿಗೆ ಏರುವ ಸುದ್ದಿ ಮೊದಲೇ ತಿಳಿದರೆ ಅಂಗಡಿಯವರು ಸರಕು ತುಂಬಿಟ್ಟುಕೊಳ್ಳುತ್ತಾರೆ, ಆಗ ಜಾರಿಯ ದಿನವನ್ನೇ ಆರಂಭವೆಂದು ಹಿಡಿಯುವುದು ತಪ್ಪಾಗುತ್ತದೆ. ಜನ ಗಡಿ ದಾಟಿ ಅಗ್ಗದ ಕಡೆ ಕೊಂಡರೆ ಹೋಲಿಕೆಗೆ ಇಟ್ಟುಕೊಂಡ ಗುಂಪೇ ಕೆಡುತ್ತದೆ. ನೀತಿ ಹಳ್ಳಿಗೆ ಅನ್ವಯವಾಗಿದ್ದರೆ ಅನಿಶ್ಚಿತತೆಯನ್ನು ಹಳ್ಳಿಗಳ ಸಂಖ್ಯೆಯ ಮೇಲೆ ಲೆಕ್ಕಹಾಕಬೇಕೇ ಹೊರತು ಮನೆಗಳ ಸಂಖ್ಯೆಯ ಮೇಲಲ್ಲ. ಇಲ್ಲವಾದರೆ ಇಲ್ಲದ ನಿಖರತೆ ಇದ್ದಂತೆ ತೋರುತ್ತದೆ. ವರದಿ ಬರೆಯುವಾಗ ಫಲಿತಾಂಶ ಯಾರ ಬಗ್ಗೆ ಎಂಬುದನ್ನು ಮೊದಲ ಪುಟದಲ್ಲೇ ಹೇಳಿಬಿಡಬೇಕು. ಗಡಿಯಂಚಿನ ಹಳ್ಳಿಗಳ ಬಿಪಿಎಲ್ ಕುಟುಂಬಗಳಿಂದ ಬಂದ ಅಂಕಿಯನ್ನು ಬೆಂಗಳೂರಿನ ವಾರ್ಡುಗಳಿಗೆ ಅನ್ವಯಿಸಬೇಕಾದರೆ ಅದಕ್ಕೆ ಬೇರೆಯೇ ಪುರಾವೆ ಬೇಕು.