ಸ ಅಲ್ಲ, ಸ್: ಮಕ್ಕಳಿಗೆ ಇಂಗ್ಲಿಷ್ ಓದು ಕಲಿಸಿದ ನನ್ನ ಅನುಭವ

ನಾನು ಹಳ್ಳಿಯ ಸರ್ಕಾರಿ ಶಾಲೆಯಲ್ಲಿ ಚಿಕ್ಕ ಮಕ್ಕಳಿಗೆ ಪಾಠ ಮಾಡುವ ಟೀಚರ್. ನಮ್ಮ ರಾಜ್ಯದ ಸರ್ಕಾರಿ ಶಾಲೆಗಳಲ್ಲಿ ಒಂದನೇ ತರಗತಿಯಿಂದಲೇ ಇಂಗ್ಲಿಷ್ ಶುರುವಾಗಿದ್ದು 2007ರಲ್ಲಿ. ಇವತ್ತಿಗೂ ಯಾವ ಶಾಲೆಯ ಮುಂದೆ ಹೋದರೂ ಒಂದೇ ರಾಗ ಕೇಳಿಸುತ್ತದೆ: ‘ಸಿ ಎ ಟಿ ಕ್ಯಾಟ್, ಕ್ಯಾಟ್ ಅಂದ್ರೆ ಬೆಕ್ಕು.’ ಮಕ್ಕಳು ಗಂಟಲು ಹರಿಯುವ ಹಾಗೆ ಹೇಳುತ್ತಾರೆ. ಬೆಕ್ಕಿನ ಚಿತ್ರಕ್ಕೆ ಕೈ ಅಡ್ಡ ಇಟ್ಟು ‘ಇದನ್ನ ಓದು ನೋಡೋಣ’ ಅಂದರೆ ಮುಗೀತು, ಸುಮ್ನೆ ನಮ್ಮ ಮುಖ ನೋಡುತ್ತಾರೆ. ಸಿ, ಎ, ಟಿ ಮೂರನ್ನೂ ಕೂಡಿಸಿದರೆ ‘ಸಿಯೇಟಿ’ ಆಗಬೇಕು. ಕ್ಯಾಟ್ ಎಲ್ಲಿಂದ ಬಂತು? ಮಗುವಿನ ಲೆಕ್ಕ ಸರಿಯಾಗೇ ಇದೆ ಅಲ್ವಾ!

ಕನ್ನಡದಲ್ಲಿ ಅಕ್ಷರದ ಹೆಸರೂ ಅದರ ಸದ್ದೂ ಒಂದೇ. ಇಂಗ್ಲಿಷಿನಲ್ಲಿ ಹೆಸರು ಒಂದು, ಸದ್ದು ಇನ್ನೊಂದು. ಅಕ್ಷರ 26, ಸದ್ದು ಸುಮಾರು 44. ಹೆಸರನ್ನು ಸದ್ಯಕ್ಕೆ ಪಕ್ಕಕ್ಕಿಟ್ಟು ಸದ್ದಿನಿಂದ ಶುರು ಮಾಡೋದೇ ಫೋನಿಕ್ಸ್.

ಆದರೆ ಫೋನಿಕ್ಸ್ ಹೆಸರಲ್ಲಿ ಎಷ್ಟೋ ಕಡೆ ‘ಸ, ಟ, ಪ’ ಅಂತ ಹೇಳಿಕೊಡುತ್ತಾರೆ. ಹಾಗೆ ಕಲಿತ ಮಗು ‘ಕ, ಆ, ಟ’ ಅಂತ ಕೂಡಿಸುತ್ತದೆ. ಬರೋದು ಕ್ಯಾಟ್ ಅಲ್ಲ, ಕಾಟ! ನಾನು ಕನ್ನಡದ ಅರ್ಧಾಕ್ಷರವನ್ನೇ ಹಿಡಿದುಕೊಂಡೆ. ಕಾಗುಣಿತ ಬಲ್ಲ ಮಗುವಿಗೆ ಸ ಮತ್ತು ಸ್ ನಡುವಿನ ವ್ಯತ್ಯಾಸ ಗೊತ್ತಿರುತ್ತದೆ. ಸ್ ಜೊತೆ ಇ ಸೇರಿದರೆ ಸಿ ಆಗುತ್ತೆ ಅನ್ನೋದೂ ಗೊತ್ತು. ಬೋರ್ಡಿನ ಮೇಲೆ ಇಂಗ್ಲಿಷಿನ ಎಸ್ ಬರೆದು ಅದರ ಕೆಳಗೆ ‘ಸ್’, ಐ ಬರೆದು ಕೆಳಗೆ ‘ಇ’, ಟಿ ಬರೆದು ಕೆಳಗೆ ‘ಟ್’ ಅಂತ ಬರೆಯುತ್ತೇನೆ. ಕೂಡಿಸಿದರೆ ಸಿಟ್. ಇಷ್ಟು ತೋರಿಸಿದ ಮೇಲೆ ಮುಂದಿನದನ್ನು ಮಕ್ಕಳೇ ಕೂಡಿಸುತ್ತಾರೆ. ಇಂಗ್ಲಿಷ್ ಪಿರಿಯಡ್ಡಿನಲ್ಲಿ ಕನ್ನಡ ಬರೆಯಬಾರದು ಅನ್ನುವವರಿದ್ದಾರೆ. ನಾನು ಒಪ್ಪಲ್ಲ. ನನ್ನ ಪಾಠ ನಿಂತಿರೋದೇ ಕಾಗುಣಿತದ ಮೇಲೆ. ಅದಕ್ಕೇ ಅದು ಗಟ್ಟಿಯಾಗುವ ತನಕ ಇಂಗ್ಲಿಷ್ ಓದಿಸೋಕೆ ಹೋಗೋದೂ ಇಲ್ಲ. ಅಲ್ಲಿವರೆಗೆ ಬರೀ ಕಿವಿಯ ಆಟ. ನಾನು ‘ಬ್... ಅ... ಸ್’ ಅಂತ ಬಿಡಿಸಿ ಹೇಳಿದರೆ ಅವರು ‘ಬಸ್ಸು!’ ಅಂತ ಕೂಗಬೇಕು.

ಅಕ್ಷರಗಳನ್ನು ಎ ಬಿ ಸಿ ಡಿ ಸಾಲಿನಲ್ಲಿ ಕಲಿಸಲ್ಲ. ಸರ್ಕಾರಿ ಶಾಲೆಯ ಚಿಕ್ಕ ತರಗತಿಗಳಿಗೆ ಚಟುವಟಿಕೆಯ ಮೂಲಕ ಕಲಿಸುವ ನಲಿಕಲಿ ನೋಡಿದವರಿಗೆ ಇದು ಹೊಸದೇನಲ್ಲ. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಹುಟ್ಟಿದ ಆ ಪದ್ಧತಿಯಲ್ಲಿ ಕನ್ನಡ ಶುರುವಾಗೋದು ಅ ಆ ಇ ಈ ಇಂದ ಅಲ್ಲ. ರ ಗ ಸ ದ ಅ ಇಂದ. ಐದೇ ಅಕ್ಷರಕ್ಕೆ ಸರ, ಅರಸ, ಅಗಸ, ಗರಗಸ ಎಲ್ಲ ಓದಬಹುದು. ಇಂಗ್ಲಿಷಿನಲ್ಲಿ ಆ ಜಾಗದಲ್ಲಿ ಎಸ್, ಎ, ಟಿ, ಪಿ, ಐ, ಎನ್ ಇವೆ. ಆರೇ ಅಕ್ಷರಕ್ಕೆ ಸಿಟ್, ಪಿನ್, ಟಿನ್, ಟ್ಯಾಪ್, ಪ್ಯಾನ್ ಎಲ್ಲ ಬರುತ್ತವೆ. ನಾನು ಎಮ್ ಅನ್ನೂ ಬೇಗ ತರುತ್ತೇನೆ. ‘ಮ್‌ಮ್‌ಮ್’, ‘ಸ್‌ಸ್‌ಸ್’, ‘ನ್‌ನ್‌ನ್’ ಇವನ್ನೆಲ್ಲ ಉಸಿರಿರೋವರೆಗೆ ಎಳೆಯಬಹುದು. ಎಳೆಯುತ್ತಾ ಎಳೆಯುತ್ತಾ ಮುಂದಿನ ಸದ್ದಿಗೆ ಜಾರಬಹುದು. ಟ್, ಪ್ ಎಳೆಯೋಕೆ ಆಗಲ್ಲ, ಪಟ್ ಅಂತ ನಿಂತುಬಿಡುತ್ತವೆ. ಆದ್ದರಿಂದ ಮೊದಮೊದಲು ಎಳೆಯಲು ಬರುವ ಸದ್ದಿನಿಂದ ಶುರುವಾಗುವ ಪದಗಳೇ ಒಳ್ಳೆಯದು. ಅಕ್ಷರ ಬರೆದು ತೋರಿಸುವ ಕಾರ್ಡಿಗೆ ದುಡ್ಡು ಖರ್ಚು ಮಾಡಲ್ಲ. ಹಳೇ ಮದುವೆ ಕಾರ್ಡುಗಳ ಹಿಂಭಾಗ ಸಾಕು, ನಮ್ಮೂರಲ್ಲಿ ಅದಕ್ಕೇನೂ ಬರ ಇಲ್ಲ.

ತೊಡಕು ಬರೋದು ಪದದ ಕೊನೆಯಲ್ಲಿ. ನಮ್ಮ ಮಾತಿನಲ್ಲಿ ಪದ ಸಾಮಾನ್ಯವಾಗಿ ಸ್ವರದಲ್ಲೇ ಮುಗಿಯುತ್ತದೆ. ಬಸ್ ನಮಗೆ ಬಸ್ಸು, ಪೆನ್ ನಮಗೆ ಪೆನ್ನು. ಎರಡನೇ ತರಗತಿಯ ಒಬ್ಬ ಹುಡುಗ ‘ಟ್, ಆ್ಯ, ಪ್’ ಅಂತ ಬೆರಳಿಟ್ಟು ಚೆನ್ನಾಗಿ ಬಿಡಿಸಿದ. ಆಮೇಲೆ ಗಟ್ಟಿಯಾಗಿ ‘ಟ್ಯಾಪು’ ಅಂದ. ಅರ್ಥ ಸಿಕ್ಕಿದೆ, ಓದೂ ಬಂದಿದೆ. ಓದುವಾಗ ಇದನ್ನು ನಾನು ತಪ್ಪು ಅನ್ನಲ್ಲ. ಆದರೆ ಬರೆಯುವಾಗ ಅದೇ ಹುಡುಗ ಕೊನೆಗೆ ಒಂದು ಯು ಸೇರಿಸಿಬಿಡುತ್ತಾನೆ. ಇದಕ್ಕೆ ನಾವೊಂದು ಸನ್ನೆ ಮಾಡಿಕೊಂಡಿದ್ದೇವೆ. ಕೊನೆಯ ಸದ್ದು ಬಂದ ತಕ್ಷಣ ಮುಷ್ಟಿ ಬಿಗಿಯಬೇಕು. ಪ್, ಮ್ ಬಂದಾಗ ತುಟಿ ಮುಚ್ಚಿಯೇ ಇರಬೇಕು. ‘ತುಟಿ ತೆಗೆದ್ರೆ ಪು, ಮುಚ್ಚಿದ್ರೆ ಪ್’ ಅಂತ ಮಕ್ಕಳೇ ಒಬ್ಬರಿಗೊಬ್ಬರು ಹೇಳಿಕೊಳ್ಳುತ್ತಾರೆ.

ಪಿನ್ ಮತ್ತು ಪೆನ್ ನಮ್ಮ ಮಕ್ಕಳಿಗೆ ಕಷ್ಟವೇ ಅಲ್ಲ, ಇ ಮತ್ತು ಎ ಕನ್ನಡದಲ್ಲೇ ಇವೆ. ಪೆನ್ ಮತ್ತು ಪ್ಯಾನ್ ನಡುವೆ ಮಾತ್ರ ಎಡವುತ್ತಾರೆ. ‘ಆ್ಯ’ ಅನ್ನೋ ಸದ್ದಿಗೆ ವರ್ಣಮಾಲೆಯಲ್ಲಿ ಜಾಗ ಇಲ್ಲ. ಆದರೆ ಊರ ಮಾತಿನಲ್ಲಿ ಧಾರಾಳವಾಗಿದೆ! ಬ್ಯಾಡ, ಪ್ಯಾಟೆ, ಮ್ಯಾಲೆ ಅಂತ ದಿನಾ ಹೇಳುವ ಬಾಯಿಗೆ ಇದನ್ನು ಹೊಸದಾಗಿ ಕಲಿಸೋದೇನಿದೆ? ‘ಪ್ಯಾಟೆ ಅನ್ನೋವಾಗ ಬಾಯಿ ಹೆಂಗಿರುತ್ತೆ? ಹಂಗೇ ಇಟ್ಕೊಂಡು ಪ್ಯಾನ್ ಅನ್ನು. ಪೆಟ್ಟಿಗೆ ಅನ್ನೋ ಥರ ಇಟ್ಕೊಂಡು ಪೆನ್ ಅನ್ನು.’ ಇಷ್ಟೇ ಪಾಠ. ಕನ್ನಡ ಪಿರಿಯಡ್ಡಿನಲ್ಲಿ ‘ಬ್ಯಾಡ ಅಲ್ಲ, ಬೇಡ ಅನ್ನು’ ಅಂತ ತಿದ್ದುವ ನಾವೇ ಇಂಗ್ಲಿಷ್ ಪಿರಿಯಡ್ಡಿನಲ್ಲಿ ಅದೇ ಬ್ಯಾಡಕ್ಕೆ ಭೇಷ್ ಅನ್ನೋದು ತಮಾಷೆಯೇ.

ಮಗು ನಿಜವಾಗಿ ಓದುತ್ತಿದೆಯೋ, ಬಾಯಿಪಾಠ ಒಪ್ಪಿಸುತ್ತಿದೆಯೋ ಅಂತ ತಿಳಿಯೋದು ಹೇಗೆ? ಇಂಗ್ಲೆಂಡಿನಲ್ಲಿ 2012ರಿಂದ ಒಂದನೇ ತರಗತಿಯ ಮಕ್ಕಳಿಗೆ ಒಂದು ಫೋನಿಕ್ಸ್ ಪರೀಕ್ಷೆ ಇದೆ. 40 ಪದ, ಅದರಲ್ಲಿ ಅರ್ಧ ಅರ್ಥವೇ ಇಲ್ಲದವು. ಅರ್ಥ ಇಲ್ಲದ ಪದ ಯಾರಿಗೂ ಬಾಯಿಪಾಠ ಇರಲ್ಲ, ಸದ್ದು ಕೂಡಿಸಿಯೇ ಓದಬೇಕು. ನಾನೂ ನಿಮ್, ಟಿಸ್, ಪ್ಯಾಮ್ ಅಂತ ಏನೇನೋ ಬರೆದು ಕೊಡುತ್ತೇನೆ. ‘ಟಿಸ್ ಅಂದ್ರೆ ಏನು ಮಿಸ್?’ ಅಂದರೆ, ‘ಏನೂ ಇಲ್ಲ ಕಣೋ, ನೀನೇ ಏನಾದ್ರೂ ಹೇಳು’ ಅನ್ನುತ್ತೇನೆ. ಆಮೇಲೆ ಇಡೀ ತರಗತಿಗೆ ಅದೇ ಅಡ್ಡಹೆಸರು. ಆದರೆ ಇದು ಬರೀ ತಪಾಸಣೆಗೆ. ದಿನಾ ಇಂಥದ್ದನ್ನೇ ಓದಿಸಿದರೆ ಓದು ಅಂದರೆ ಅರ್ಥವಿಲ್ಲದ ಕೆಲಸ ಅಂದುಕೊಂಡಾರು.

ಕೂಡಿಸೋದೇ ಬಾರದ ಮಕ್ಕಳು ಪ್ರತಿ ವರ್ಷ ಇದ್ದೇ ಇರುತ್ತಾರೆ. ಮೂರು ಸದ್ದು ಹೇಳುವಷ್ಟರಲ್ಲಿ ಮೊದಲನೆಯದು ಮರೆತಿರುತ್ತದೆ. ಅವರಿಗೆ ಎರಡೇ ಸದ್ದು ಕೊಡುತ್ತೇನೆ: ಆ್ಯಟ್, ಇನ್, ಅಪ್. ಅದು ಸಲೀಸಾದ ಮೇಲೆ ಇನ್ ಮುಂದೆ ಪ್ ಇಟ್ಟರೆ ಪಿನ್, ಟ್ ಇಟ್ಟರೆ ಟಿನ್. ಬಿ ಮತ್ತು ಡಿ ಅದಲುಬದಲು ಮಾಡೋದು ಇನ್ನೊಂದು. ಕನ್ನಡದಲ್ಲಿ ಹೀಗೆ ತಿರುಗಿಸಿ ಬರೆದರೆ ಬೇರೆ ಅಕ್ಷರ ಆಗುವಂಥದ್ದು ಇಲ್ಲ, ಆದ್ದರಿಂದ ಕಣ್ಣಿಗೆ ಅಭ್ಯಾಸ ಇಲ್ಲ. ಎರಡನ್ನೂ ಒಟ್ಟಿಗೆ ಕಲಿಸದೆ ನಡುವೆ ಅಂತರ ಬಿಟ್ಟರೆ ಗೊಂದಲ ಕಡಿಮೆ.

ಸದ್ದಿನ ನಿಯಮಕ್ಕೆ ಸಿಗದ ಪದಗಳನ್ನು ಗೋಡೆಯ ಮೇಲೆ ಬರೆದಿದ್ದೇನೆ. ದ, ವಾಸ್, ಸೆಡ್, ಒನ್ ಇಂಥವು. ಅವನ್ನು ನೋಡಿ ನೆನಪಿಟ್ಟುಕೊಳ್ಳೋದೇ ದಾರಿ. ನೈಫ್ ಪದದ ಕೆ ಬಂದಾಗಂತೂ ಜಗಳ. ‘ಓದಲ್ಲ ಅಂದ್ಮೇಲೆ ಯಾಕೆ ಬರೀಬೇಕು ಮಿಸ್?’ ಹಿಂದೆ ಇಂಗ್ಲಿಷಿನವರು ಆ ಕೆ ಅನ್ನೂ ಉಚ್ಚರಿಸುತ್ತಿದ್ದರು, ಕಾಲ ಕಳೆದ ಹಾಗೆ ಸದ್ದು ಹೋಯಿತು, ಅಕ್ಷರ ಉಳಿಯಿತು ಅಂತ ಹೇಳಿದೆ. ‘ಅವ್ರು ಅಳಿಸ್ಬೇಕಿತ್ತು’ ಅಂತ ಒಬ್ಬಳು ಗೊಣಗಿದಳು. ನನ್ನ ಅಭಿಪ್ರಾಯವೂ ಅದೇ.