ಬಾಯಮ್ಮನ ಮನೆಯೋ, ಡೇ ಕೇರೋ?

ನನ್ನ ಮಗಳು ಹುಟ್ಟಿದ್ದು 2021ರ ಡಿಸೆಂಬರ್ ಮೂರನೇ ವಾರದಲ್ಲಿ. ಹೆರಿಗೆ ರಜೆ 26 ವಾರ. ಎರಡು ವಾರ ಮೊದಲೇ ರಜೆ ಹಾಕಿದ್ದೆ. ಹಾಗಾಗಿ ಜೂನ್ ಮೊದಲ ವಾರಕ್ಕೆ ರಜೆ ಮುಗಿಯುತ್ತಿತ್ತು. ಮಂಗಳೂರಿಗೆ ಮಳೆ ಹಿಡಿಯುವ ಹೊತ್ತು, ಮಗುವಿಗೆ ಇನ್ನೂ ಐದೂವರೆ ತಿಂಗಳು. ಯಾರ ಕೈಯಲ್ಲಿ ಬಿಡುವುದು ಅಂತ ಮಾರ್ಚ್‌ನಿಂದಲೇ ತಲೆಬಿಸಿ ಶುರುವಾಯಿತು.

ಅತ್ತೆ ಕಾರ್ಕಳದಲ್ಲಿ. ತೋಟ, ಎರಡು ದನ. ಬಿಟ್ಟು ಬರುವ ಹಾಗಿಲ್ಲ. ಅಮ್ಮ ಮೂಡುಬಿದಿರೆಯಲ್ಲಿ, ಹಾಸಿಗೆ ಹಿಡಿದ ಅಜ್ಜಿಯನ್ನು ನೋಡಿಕೊಳ್ಳುತ್ತಿದ್ದರು. "ಮಗುವನ್ನು ಇಲ್ಲೇ ಬಿಡು, ವಾರಕ್ಕೊಮ್ಮೆ ಬಾ" ಎಂದರು. ಅದು ನನ್ನಿಂದ ಆಗುವ ಮಾತಲ್ಲ. ಮನೆಗೇ ಬಂದು ಮಗು ನೋಡುವವರನ್ನು ಹುಡುಕಿದೆವು. ಬಂದ ಒಬ್ಬರು ಮೂರನೇ ದಿನ ಬರಲಿಲ್ಲ. ಆ ಕಥೆ ಅಲ್ಲಿಗೆ ಮುಗಿಯಿತು.

ಆಫೀಸಿನಲ್ಲೇ ಶಿಶುವಿಹಾರ ಇರಬೇಕಲ್ವಾ ಅಂತ ಕೆಲವರು ಕೇಳಿದರು. ಹೆರಿಗೆ ಸೌಲಭ್ಯ ಕಾಯ್ದೆಯ 2017ರ ತಿದ್ದುಪಡಿಯ ಪ್ರಕಾರ 50 ಅಥವಾ ಅದಕ್ಕಿಂತ ಜಾಸ್ತಿ ಜನ ಕೆಲಸ ಮಾಡುವಲ್ಲಿ ಅದು ಇರಬೇಕು. ತಾಯಿ ದಿನಕ್ಕೆ 4 ಸಲ ಹೋಗಿ ಮಗುವನ್ನು ನೋಡಿ ಬರಬಹುದು. ನಮ್ಮದು ಕೊಡಿಯಾಲ್‌ಬೈಲ್‌ನ ಒಂದು ಸಣ್ಣ ಅಕೌಂಟ್ಸ್ ಆಫೀಸು. ಬಾಗಿಲಲ್ಲಿ ಕೂರುವ ಸೆಕ್ಯೂರಿಟಿಯವರನ್ನು ಸೇರಿಸಿದರೂ 19 ಜನ. ಅಂಗನವಾಡಿಯ ಪಾಠ 3ರಿಂದ 6 ವರ್ಷದ ಮಕ್ಕಳಿಗೆ. ಅದೂ ನಮಗೆ ದೂರದ ಮಾತು.

ಕೊನೆಗೆ ನಾಲ್ಕು ಜಾಗ ನೋಡಿದೆವು. ಎರಡು ಡೇ ಕೇರ್ ಸೆಂಟರ್, ಎರಡು ಮನೆ.

ಮೊದಲನೆಯ ಸೆಂಟರ್‌ಗೆ ಫೋನ್ ಮಾಡಿ, ಅವರು ಹೇಳಿದ ಹನ್ನೊಂದು ಗಂಟೆಗೆ ಹೋದೆವು. ಗೋಡೆ ತುಂಬ ಆನೆ, ಜಿರಾಫೆ. ಎಸಿ ಕೋಣೆ. ಸಿಸಿಟಿವಿ. ಮೊಬೈಲಿನಲ್ಲೇ ಮಗುವನ್ನು ನೋಡಬಹುದು ಅಂದರು. ಮಕ್ಕಳೆಲ್ಲ ಸ್ನಾನ ಮಾಡಿದ ಹಾಗೆ ನೀಟಾಗಿದ್ದರು. ನನ್ನ ಗಂಡ ಅಲ್ಲೇ ಅಡ್ವಾನ್ಸ್ ಕೊಡುವುದಕ್ಕೆ ಪರ್ಸ್ ತೆಗೆದಿದ್ದರು. ನಾನು ಸುಮ್ನೆ ಕೈ ಹಿಡಿದು ತಡೆದೆ. ಯಾಕೆ ಅಂತ ಆಗ ನನಗೂ ಗೊತ್ತಿರಲಿಲ್ಲ.

ಮುಂದಿನ ವಾರ ಹೇಳದೆ ಹೋದೆ, ಮಧ್ಯಾಹ್ನ ಮೂರೂವರೆಗೆ. ಒಂದು ಫಾರ್ಮ್ ಬೇಕಿತ್ತು ಅಂತ ನೆಪ ಹೇಳಿದೆ. ಸಣ್ಣ ಮಕ್ಕಳ ಕೋಣೆಯಲ್ಲಿ ಒಂಬತ್ತು ಮಕ್ಕಳು, ಒಬ್ಬರೇ ಅಕ್ಕ. ಇನ್ನೊಬ್ಬರು ಊಟಕ್ಕೆ ಹೋದವರು ಬಂದಿರಲಿಲ್ಲವಂತೆ. ಆ ಅಕ್ಕನನ್ನು ನಾನು ದೂರುವುದಿಲ್ಲ. ಒಂದು ಮಗು ಮಡಿಲಲ್ಲಿ, ಇನ್ನೊಂದರ ತೊಟ್ಟಿಲನ್ನು ಕಾಲಲ್ಲಿ ತೂಗುತ್ತಿದ್ದರು. ಮೂಲೆಯಲ್ಲಿ ಒಂದು ಮಗು ಖಾಲಿ ಬಾಟಲಿ ಚೀಪುತ್ತಾ ಮಲಗಿತ್ತು. ಅಳುತ್ತಿರಲಿಲ್ಲ. ಅಳದೆ ಮಲಗಿದ್ದೇ ನನಗೆ ಜಾಸ್ತಿ ಚುಚ್ಚಿತು. ಹನ್ನೊಂದು ಗಂಟೆಯ ಡೇ ಕೇರ್ ಬೇರೆ, ಮೂರೂವರೆ ಗಂಟೆಯ ಡೇ ಕೇರ್ ಬೇರೆ. ಸಿಸಿಟಿವಿಯಲ್ಲಿ ಇದೆಲ್ಲ ಕಾಣುತ್ತದೆ, ನಿಜ. ಆದರೆ ಆಫೀಸಿನಲ್ಲಿ ಕೂತು ಕಂಡು ಮಾಡುವುದೇನು?

ಅವತ್ತಿನಿಂದ ಎಲ್ಲಿಗೆ ಹೋದರೂ ಮೊದಲು ಕೈ ಎಣಿಸಲು ಶುರು ಮಾಡಿದೆ. ನಡೆಯಲು ಬಾರದ ಮಕ್ಕಳು ಎಷ್ಟು, ಅವರನ್ನು ಎತ್ತುವ ಕೈ ಎಷ್ಟು. ಅಡುಗೆಯವರು, ಗುಡಿಸುವವರು, ಮ್ಯಾನೇಜರ್ ಲೆಕ್ಕಕ್ಕಿಲ್ಲ.

ಎರಡನೆಯ ಸೆಂಟರ್ ಪರವಾಗಿಲ್ಲ ಅನ್ನಿಸಿತು, ಆದರೆ ಒಂದು ವರ್ಷ ತುಂಬದ ಮಗುವನ್ನು ತೆಗೆದುಕೊಳ್ಳುವುದಿಲ್ಲ ಎಂದರು. ನೇರವಾಗಿ ಹೇಳಿದ್ದು ನನಗೆ ಇಷ್ಟವಾಯಿತು.

ಇನ್ನು ಮನೆಗಳು. ಮೊದಲನೆಯ ಮನೆಯಿಂದ ಹತ್ತೇ ನಿಮಿಷದಲ್ಲಿ ವಾಪಸ್ ಬಂದೆ. ಕಾರಣ ಬಾವಿ. ನಮ್ಮೂರಿನ ಹಳೇ ಹಂಚಿನ ಮನೆಗಳಲ್ಲಿ ಅಂಗಳದಲ್ಲೇ ಕೆಂಪು ಕಲ್ಲಿನ ಬಾವಿ ಇರುತ್ತದೆ. ಬೇಸಿಗೆಯಲ್ಲಿ ಬಗ್ಗಿ ನೋಡಿದರೆ ನೀರು ಎಲ್ಲೋ ಆಳದಲ್ಲಿ. ಜುಲೈಯಲ್ಲಿ ನೋಡಿ, ಮೇಲೆಯೇ ಬಂದಿರುತ್ತದೆ. ಆ ಮನೆಯ ಬಾವಿಗೆ ಮೊಣಕಾಲೆತ್ತರದ ಕಟ್ಟೆ. ಬಲೆ ಇಲ್ಲ. ಪಕ್ಕದಲ್ಲೇ ಬಟ್ಟೆ ಒಗೆಯುವ ಕಲ್ಲು. ಎರಡು ವರ್ಷದ ಮಗುವಿಗೆ ಹತ್ತಲು ಅದೇ ಮೆಟ್ಟಿಲು. ನೋಡಿಕೊಳ್ಳುವ ಅಜ್ಜಿ ತುಂಬಾ ಒಳ್ಳೆಯವರು. "ಇಷ್ಟು ವರ್ಷ ಏನೂ ಆಗಲಿಲ್ಲ" ಅಂದರು. ಆ ಮಾತು ಕೇಳಿಯೇ ಹೊರಟೆ.

ಬಾಯಮ್ಮನ ಮನೆ ಬಿಜೈಯಲ್ಲಿ, ನಮ್ಮ ಬಾಡಿಗೆ ಮನೆಯಿಂದ ನಡೆದು ಹೋಗುವಷ್ಟು ಹತ್ತಿರ. ಅರವತ್ತು ದಾಟಿದ ಕೊಂಕಣಿ ಮಾತಾಡುವ ಹೆಂಗಸು. ಮಗ ಗಲ್ಫ್‌ನಲ್ಲಿ, ಸೊಸೆ ಮನೆಯಲ್ಲೇ. ಅಂದರೆ ನಾಲ್ಕು ಕೈ. ನನ್ನ ಮಗಳೂ ಸೇರಿ ಮಕ್ಕಳು ಮೂರೇ, ಅದರಲ್ಲಿ ಇಬ್ಬರು ಓಡಾಡುವವರು. ಬಾವಿಗೆ ಕಬ್ಬಿಣದ ಗ್ರಿಲ್, ಗ್ರಿಲ್‌ಗೆ ಬೀಗ. ಬಚ್ಚಲು ಮನೆಗೆ ಚಿಲಕ ಮೇಲೆ. ಅಂಗಳಕ್ಕೆ ಮಳೆಗಾಲದಲ್ಲಿ ಪಾಚಿ ಹಿಡಿಯುತ್ತದೆ ಅಂತ ಗೇಟಿನಿಂದ ಜಗಲಿವರೆಗೆ ಅಡಕೆ ಸೋಗೆ ಹಾಸುತ್ತಾರಂತೆ. ಅಲ್ಲಿಗೂ ಮೂರೂವರೆಗೆ ಹೇಳದೆ ಹೋಗಿದ್ದೆ. ಸೊಸೆ ಚಾಪೆಯ ಮೇಲೆ ಕೂತು ಒಬ್ಬನಿಗೆ ಗಂಜಿ ತಿನ್ನಿಸುತ್ತಿದ್ದಳು. ಟಿವಿಯಲ್ಲಿ ಸೀರಿಯಲ್ ಓಡುತ್ತಿತ್ತು. ಅದು ನನಗೆ ಹಿಡಿಸಲಿಲ್ಲ. ಹೇಳಿದೆ. "ಮಕ್ಕಳು ಎದ್ದಿರುವಾಗ ಆಫ್ ಮಾಡುತ್ತೇನೆ ಮಗಾ, ಆದರೆ ನನ್ನ ಒಂದು ಸೀರಿಯಲ್ ಬಿಡಲಾರೆ" ಎಂದರು ಬಾಯಮ್ಮ. ಸುಳ್ಳು ಹೇಳಲಿಲ್ಲ ನೋಡಿ.

ಸೆಂಟರ್‌ಗೆ ತಿಂಗಳಿಗೆ 7,500, ಮೇಲೆ ಅಡ್ಮಿಷನ್ 12,000. ಬಾಯಮ್ಮನಿಗೆ 5,000. ಹಣದ ಆಸೆಗೆ ಮನೆ ಆರಿಸಿದೆವು ಅಂತ ನಂಟರು ಆಡಿಕೊಂಡರು. ಹಣವೂ ಒಂದು ಕಾರಣ, ಅದನ್ನು ಯಾಕೆ ಮುಚ್ಚಿಡಬೇಕು?

ಗಂಡನ ಪ್ರಶ್ನೆ ಬೇರೆ ಇತ್ತು. ಅವರಿಗೆ ಬೈಕಂಪಾಡಿಯಲ್ಲಿ ಶಿಫ್ಟ್ ಕೆಲಸ. ಕೂಳೂರು ಸೇತುವೆ ದಾಟಿ ತಕ್ಷಣ ಬರುವುದು ಸುಲಭ ಅಲ್ಲ. "ಬಾಯಮ್ಮನಿಗೆ ಜ್ವರ ಬಂದ ದಿನ ಏನು ಮಾಡುತ್ತೀ?" ಎಂದರು. ನನ್ನಲ್ಲಿ ಉತ್ತರ ಇರಲಿಲ್ಲ. ಮನೆಯಲ್ಲಿ ಮಗು ನೋಡುವವರಿಗೆ ಬೋರ್ಡಿಲ್ಲ, ರಸೀದಿಯಿಲ್ಲ, ಬದಲಿ ಜನವಿಲ್ಲ. ಆದ್ದರಿಂದ ನಾವೇ ಒಂದು ಹಾಳೆಯಲ್ಲಿ ಬರೆದುಕೊಂಡೆವು. ಸಮಯ ಎಷ್ಟರಿಂದ ಎಷ್ಟು. ವರ್ಷಕ್ಕೆ 15 ದಿನ ಅವರಿಗೆ ರಜೆ, ಸಂಬಳ ಹಿಡಿಯುವುದಿಲ್ಲ, ಆದರೆ ವಾರ ಮೊದಲೇ ಹೇಳಬೇಕು. ನಾನು, ಗಂಡ, ನನ್ನ ತಮ್ಮ ಬಿಟ್ಟು ಬೇರೆ ಯಾರೇ ಬಂದರೂ ಮಗುವನ್ನು ಕೊಡಬಾರದು. ಬಾಯಮ್ಮ ನಕ್ಕರು. "ಇಷ್ಟು ವರ್ಷದಲ್ಲಿ ಯಾರೂ ನನ್ನಿಂದ ಸೈನ್ ಹಾಕಿಸಲಿಲ್ಲ" ಅಂತ ಹೇಳುತ್ತಲೇ ಹಾಕಿದರು.

ಹಾಲಿನ ವಿಷಯ ಸ್ವಲ್ಪ ವಿವರವಾಗಿ ಹೇಳುತ್ತೇನೆ. ಎದೆಹಾಲು ತೆಗೆದಿಟ್ಟರೆ 25 ಡಿಗ್ರಿಯೊಳಗೆ ಇರುವ ಕೋಣೆಯಲ್ಲಿ 4 ಗಂಟೆ ಇಡಬಹುದು ಎಂದರು ಡಾಕ್ಟರ್. ಮಂಗಳೂರಿನಲ್ಲಿ 25 ಡಿಗ್ರಿಯ ಕೋಣೆ ಎಲ್ಲುಂಟು ಮಾರಾಯ್ರೆ? ಹಾಗಾಗಿ ತೆಗೆದ ತಕ್ಷಣ ಫ್ರಿಜ್. ಅಲ್ಲಿ 4 ದಿನದವರೆಗೆ ಆಗುತ್ತದೆ. ಬೆಳಿಗ್ಗೆ ಸಣ್ಣ ಸಣ್ಣ ಬಾಟಲಿಗಳಲ್ಲಿ ತುಂಬಿ, ಮೇಲೆ ತಾರೀಕು ಅಂಟಿಸಿ, ಐಸ್ ಪ್ಯಾಕ್ ಇಟ್ಟ ಚೀಲದಲ್ಲಿ ಒಯ್ದು ಬಾಯಮ್ಮನ ಫ್ರಿಜ್‌ನಲ್ಲಿ ಇಡುತ್ತಿದ್ದೆ. ಒಲೆಯ ಮೇಲೆ ಕಾಯಿಸಬಾರದು, ಬಿಸಿನೀರಿನ ಪಾತ್ರೆಯಲ್ಲಿ ಬಾಟಲಿ ಇಟ್ಟರೆ ಸಾಕು. ಮಗು ಕುಡಿದು ಉಳಿಸಿದ್ದನ್ನು 2 ಗಂಟೆಯೊಳಗೆ ಚೆಲ್ಲಬೇಕು. ಬಾಯಮ್ಮನಿಗೆ ಒಪ್ಪಿಸಲು ಕಷ್ಟವಾಗಿದ್ದು ಈ ಕೊನೆಯದೇ. ಹಾಲು ಚೆಲ್ಲುವುದು ಅವರ ಪ್ರಕಾರ ಪಾಪ.

ಇನ್ನೊಂದು, ಜ್ವರದ ಔಷಧಿ. ಪ್ಯಾರಾಸಿಟಮಾಲ್ ಡ್ರಾಪ್ಸ್‌ನ 1 ಮಿಲಿಯಲ್ಲಿ 100 ಮಿಲಿಗ್ರಾಂ ಇರುತ್ತದೆ. ಸಿರಪ್ ಆದರೆ 5 ಮಿಲಿಯಲ್ಲಿ 120 ಅಥವಾ 250. ಎರಡೂ ಒಂದೇ ಬಣ್ಣ, ಹೆಚ್ಚುಕಡಿಮೆ ಒಂದೇ ಹೆಸರು. ಸಿರಪ್‌ನ ಲೆಕ್ಕದಲ್ಲಿ ಡ್ರಾಪ್ಸ್ ಹಾಕಿದರೆ ಗ್ರಹಚಾರ. ನಾನು ಒಂದೇ ಬಾಟಲಿ ಕೊಟ್ಟೆ. ಮಗುವಿನ ತೂಕ ನೋಡಿ ಡಾಕ್ಟರ್ ಬರೆದ ಅಳತೆಯನ್ನು ಅದರ ಮೇಲೆಯೇ ಅಂಟಿಸಿದೆ. ನನಗೆ ಫೋನ್ ಮಾಡದೆ ಹಾಕಬಾರದು ಅಂತ ಮಾತಾಯಿತು.

ಮೊದಲ ದಿನ ನಾನೂ ಅಲ್ಲೇ ಒಂದು ಗಂಟೆ ಕೂತೆ. ಎರಡನೇ ದಿನ ಒಂದು ಗಂಟೆ ಬಿಟ್ಟು ಬಂದೆ, ಹೀಗೆ ಹತ್ತು ದಿನ ಏರಿಸುತ್ತಾ ಹೋದೆ. ಮಗಳು ಅಳಲಿಲ್ಲ. ಎಂಟೊಂಬತ್ತು ತಿಂಗಳಾದ ಮೇಲೆ ಮಕ್ಕಳು ಮುಖ ಗುರುತು ಹಿಡಿದು ಜಾಸ್ತಿ ಅಳುತ್ತವೆ, ಅದಕ್ಕಿಂತ ಮೊದಲೇ ಬಿಟ್ಟದ್ದು ಒಳ್ಳೆಯದಾಯಿತು ಎಂದರು ಬಾಯಮ್ಮ. ಅತ್ತದ್ದು ನಾನು, ಪಿವಿಎಸ್ ಸರ್ಕಲ್‌ನಲ್ಲಿ, ಬಸ್ಸಿನಲ್ಲಿ ನಿಂತುಕೊಂಡು.

ಆ ಜುಲೈಯಲ್ಲಿ ಮಳೆ ಜೋರು. ರಾತ್ರಿಯಾದರೆ ಸಾಕು, "ನಾಳೆ ಡಿಸಿ ರಜೆ ಕೊಟ್ಟಿದ್ದಾರೆ" ಅಂತ ಮೆಸೇಜು. ಅಂಗನವಾಡಿ, ಶಾಲೆ, ಕಾಲೇಜು ಬಂದ್. ನಮ್ಮ ಆಫೀಸಿಗೆ ಎಲ್ಲಿಯ ರಜೆ? ಜೊತೆಯಲ್ಲಿ ಕೆಲಸ ಮಾಡುವವಳ ಮಗ ಪ್ಲೇ ಸ್ಕೂಲಿಗೆ ಸೇರಿಕೊಂಡ ಡೇ ಕೇರ್‌ನಲ್ಲಿದ್ದ. ಶಾಲೆಗೆ ರಜೆ ಅಂದರೆ ಡೇ ಕೇರ್‌ಗೂ ರಜೆ. ಅವಳು ಮಗನನ್ನು ಆಫೀಸಿಗೇ ಕರೆತಂದಳು, ಅವನು ಜಿಎಸ್‌ಟಿ ಫೈಲಿನ ಮೇಲೆ ಮಲಗಿದ. ನಾನು ಕೊಡೆ ಹಿಡಿದು ಬಾಯಮ್ಮನ ಮನೆಗೆ ನಡೆದೆ. ಸೇರಿಸುವ ಮೊದಲು ಈ ರಜೆಯ ವಿಷಯ ಕೇಳಬೇಕು ಅಂತ ಅವಳಿಗೂ ಹೊಳೆದಿರಲಿಲ್ಲ, ನನಗೂ ಹೊಳೆದಿರಲಿಲ್ಲ. ನನ್ನದು ಬರೀ ಅದೃಷ್ಟ.

ಅದೃಷ್ಟ ನವೆಂಬರ್‌ವರೆಗೆ. ಬಾಯಮ್ಮನ ತಂಗಿಯ ಮಗನ ಮದುವೆ. ಮದುವೆ ಅಂದರೆ ಒಂದು ದಿನವೇ? ಮೊದಲು ರೋಸ್, ತೆಂಗಿನ ಹಾಲು ಹಚ್ಚಿ ಮೀಯಿಸುವುದು. ಆಮೇಲೆ ಚರ್ಚು, ಹಾಲ್, ಮತ್ತೆ ಹುಡುಗಿಯ ಮನೆಗೆ ಹೋಗುವುದು. ಐದು ದಿನ. ಮೊದಲೇ ಹೇಳಿದ್ದರು, ನಾನು ರಜೆ ಹಾಕಿದೆ. ಎರಡನೇ ವರ್ಷ ಅವರು ಜಗಲಿಯಲ್ಲಿ ಜಾರಿ ಕಾಲು ಉಳುಕಿಸಿಕೊಂಡಾಗ ಮಾತ್ರ ಯಾರೂ ಮೊದಲೇ ಹೇಳಲಿಲ್ಲ. ಸೊಸೆ ಅವರನ್ನು ನೋಡುವಳೋ, ಮಕ್ಕಳನ್ನೋ? ಎರಡು ವಾರ ಅಮ್ಮ ಮೂಡುಬಿದಿರೆಯಿಂದ ಬಂದು ನಿಂತರು. ಅಜ್ಜಿಯನ್ನು ಆಗ ಚಿಕ್ಕಮ್ಮ ನೋಡಿಕೊಂಡರು. ಗಂಡ ಅವತ್ತು ಕೇಳಿದ ಪ್ರಶ್ನೆಯನ್ನು ಮತ್ತೆ ಕೇಳಲಿಲ್ಲ, ಅದಕ್ಕೆ ಥ್ಯಾಂಕ್ಸ್.

ಊಟಕ್ಕೆ ತೊಂದರೆ ಇರಲಿಲ್ಲ. ಮೊದಲು ರಾಗಿ ಮಣ್ಣಿ, ಆಮೇಲೆ ಕುಚ್ಚಲಕ್ಕಿ ಗಂಜಿ, ವರ್ಷದ ಮೇಲೆ ಮುಳ್ಳು ಬಿಡಿಸಿದ ಮೀನು. ನಾವೂ ಮೀನು ತಿನ್ನುವವರೇ. ಸಸ್ಯಾಹಾರಿಗಳಾದರೆ ಇದನ್ನು ಮೊದಲೇ ಬಾಯಿಬಿಟ್ಟು ಕೇಳಿ, ಸಂಕೋಚ ಬೇಡ. ಜಗಳ ಆಗಿದ್ದು ಬೇಕರಿ ಬಿಸ್ಕತ್ತಿಗೆ. ಎರಡು ಸಲ ಹೇಳಿದೆ, ಮೂರನೇ ಸಲ ಬಿಟ್ಟೆ. ಭಾಷೆಯದ್ದು ತಮಾಷೆ. ನಮ್ಮ ಮನೆಯಲ್ಲಿ ತುಳು. ಮಗಳಿಗೆ ಬೇಡದ್ದಕ್ಕೆಲ್ಲ "ಬೊಡ್ಚಿ" ಅನ್ನುವ ಬದಲು "ನಾಕಾ". ಅತ್ತೆ ಮೊದಲು ಮುಖ ಸಿಂಡರಿಸಿದರು. ಆಮೇಲೆ ಕಾರ್ಕಳದಲ್ಲಿ ಎಲ್ಲರಿಗೂ "ನಮ್ಮ ಪುಳ್ಳಿ ಕೊಂಕಣಿ ಮಾತಾಡುತ್ತಾಳೆ" ಎಂದು ಹೇಳಿಕೊಂಡು ತಿರುಗಿದರು.

2024ರ ಬೇಸಿಗೆಗೆ ಮಗಳಿಗೆ ಎರಡೂವರೆ ವರ್ಷ. ದೊಡ್ಡ ಇಬ್ಬರು ಶಾಲೆಗೆ ಹೋದರು. ಇವಳೊಬ್ಬಳೇ, ಸೀರಿಯಲ್‌ನ ಜೊತೆ. ಸಂಜೆ ಮನೆಗೆ ಬಂದು ಗೋಡೆಗೆ ಚೆಂಡು ಎಸೆಯುತ್ತಿದ್ದಳು, ನಿಲ್ಲಿಸುತ್ತಿರಲಿಲ್ಲ. ಹೇಗೆ ಹೇಳುವುದು ಅಂತ ನಾನು ಒಂದು ತಿಂಗಳು ತಡೆದೆ. ಬಾಯಮ್ಮನೇ ಹೇಳಿದರು, "ಇನ್ನು ಇವಳಿಗೆ ನಾನು ಸಾಕಾಗುವುದಿಲ್ಲ ಮಗಾ. ಇವಳಿಗೆ ಮಕ್ಕಳು ಬೇಕು."

ಜೂನ್‌ನಲ್ಲಿ ಸೆಂಟರ್‌ಗೆ ಸೇರಿಸಿದೆವು. ಅವತ್ತು ನೇರವಾಗಿ ಮಾತಾಡಿದ್ದ ಆ ಎರಡನೆಯದಕ್ಕೆ. ಮತ್ತೆ ಮೂರೂವರೆಗೆ ಹೋಗಿ ನೋಡಿದ್ದೆ. ಈ ಸಲ ಬೇರೆಯದೂ ಕೇಳಿದೆ. ಡಿಸಿ ರಜೆ ಕೊಟ್ಟರೆ ತೆರೆಯುತ್ತೀರಾ? ಇಲ್ಲ. ಶನಿವಾರ? ಮಧ್ಯಾಹ್ನ ಒಂದರವರೆಗೆ. ಜ್ವರ ಬಂದರೆ? ಬಿಟ್ಟು 24 ಗಂಟೆ ಆಗುವವರೆಗೆ ಕಳಿಸಬೇಡಿ. ಮೊದಲ ಮೂರು ತಿಂಗಳು ಮಗಳಿಗೆ ಒಂದಲ್ಲ ಒಂದು. ಶೀತ, ಕೆಮ್ಮು, ಆಮೇಲೆ ಕೈ, ಕಾಲು, ಬಾಯಿಯಲ್ಲೆಲ್ಲ ಬೊಕ್ಕೆ. ವೈರಸ್, ಆ್ಯಂಟಿಬಯೋಟಿಕ್ ಬೇಡ, ನೀರು ಚೆನ್ನಾಗಿ ಕುಡಿಸಿ, ವಾರ ಹತ್ತು ದಿನದಲ್ಲಿ ಹೋಗುತ್ತದೆ ಎಂದರು ಡಾಕ್ಟರ್. ಹೋಯಿತು, ನನ್ನ ವರ್ಷದ ರಜೆಯನ್ನೂ ತೆಗೆದುಕೊಂಡು ಹೋಯಿತು. ಮೂರು ಮಕ್ಕಳಿದ್ದ ಮನೆಯಲ್ಲಿ ಇಷ್ಟು ಕಾಯಿಲೆ ಬಂದಿರಲಿಲ್ಲ. ಆದರೆ ಚೆಂಡು ಎಸೆಯುವುದು ನಿಂತಿತು. ಕತ್ತರಿ ಹಿಡಿಯಲು ಕಲಿತಳು. ಬಾಟಲಿ ಮುಚ್ಚಳ ತಾನೇ ತಿರುಗಿಸುತ್ತಾಳೆ.

ಮಳೆ ರಜೆಗೂ ಶನಿವಾರದ ಮಧ್ಯಾಹ್ನಕ್ಕೂ ಈಗಲೂ ಬಾಯಮ್ಮ. ದಿನಕ್ಕೆ 300, ಅರ್ಧ ದಿನಕ್ಕೆ 150. ಹಾಳೆಯಲ್ಲಿ ಬರೆದಿಲ್ಲ.

ಕಳೆದ ಸೆಪ್ಟೆಂಬರ್‌ನಲ್ಲಿ ಮೋಂತಿ ಫೆಸ್ತ್, ಅಂದರೆ ಮೇರಿ ಮಾತೆಯ ಹುಟ್ಟುಹಬ್ಬದ ಹೊತ್ತಿಗೆ ಮಗಳು ಹಟ ಹಿಡಿದಳು. ಹಬ್ಬ 8ನೇ ತಾರೀಕು. ಅದಕ್ಕೆ ಮೊದಲು ಒಂಬತ್ತು ದಿನ ಮಕ್ಕಳು ಬುಟ್ಟಿಯಲ್ಲಿ ಹೂವು ಹಿಡಿದು ಚರ್ಚಿಗೆ ಹೋಗುತ್ತಾರೆ. ಹಿಂದೆ ಬಾಯಮ್ಮ ನಮ್ಮನ್ನು ಕೇಳಿ ಇವಳನ್ನೂ ಕರೆದೊಯ್ದಿದ್ದರು. ಬೆಳಿಗ್ಗೆ ಸೆಂಟರ್‌ನ ಯೂನಿಫಾರ್ಮ್ ಹಾಕಿಸುತ್ತಿದ್ದೇನೆ, ಇವಳು ಅಂಗಳಕ್ಕೆ ಓಡಿ ನನ್ನ ದಾಸವಾಳವನ್ನೆಲ್ಲ ಕೊಯ್ದು ಟಿಫಿನ್ ಡಬ್ಬಕ್ಕೆ ತುಂಬಿದ್ದಳು. "ಇವತ್ತು ಸ್ಕೂಲ್ ನಾಕಾ" ಎಂದಳು. ಅವತ್ತು ಆಫೀಸಿಗೆ ಅರ್ಧ ಗಂಟೆ ತಡವಾಯಿತು. ಬಾಯಮ್ಮನ ಗೇಟಿನವರೆಗೆ ಹೋಗಿ, ಹೂವು ಕೊಟ್ಟು, ಆಮೇಲೆ ಸೆಂಟರ್‌ಗೆ ಬಿಟ್ಟೆ.